ದೊಡ್ಡವ್ವನ ಮಡಿಲು, ನನ್ನ ನೋಟ್‌ಬುಕ್ಕು

ಆಶ್ಲೇಷ ಮಳೆ ಮೂರು ದಿನ ಜಿನುಗಿ ಆಗತಾನೇ ಬಿಡುವು ಕೊಟ್ಟಿತ್ತು. ಗುಬ್ಬಿ ಸೀಮೆಯ ಆ ಹೊಲಕ್ಕೆ ನಾವಿಬ್ಬರೂ ಇಳಿದಾಗ ಬಿಸಿಲಿನ್ನೂ ಹುಣಸೆಮರದ ನೆತ್ತಿ ಬಿಟ್ಟು ಕೆಳಗೆ ಬಂದಿರಲಿಲ್ಲ. ಕೆಮ್ಮಣ್ಣು ಚಪ್ಪಲಿಗೆ ಮೆತ್ತಿ ಮೆತ್ತಿ ಹೆಜ್ಜೆಗೊಂದು ಬೆರಳಿನಷ್ಟು ನಾನು ಎತ್ತರವಾಗುತ್ತಿದ್ದೆ. ಬರಿಗಾಲಿನ ದೊಡ್ಡವ್ವ ಆಗಲೇ ಬದು ದಾಟಿದ್ದಳು. ರಾಗಿ ಗೇಣುದ್ದ ಬಂದಿತ್ತು. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ತಲೆಯೆತ್ತಿದ್ದವು. ಇವೆಲ್ಲದರ ಕಾಲಡಿಯಲ್ಲಿ ಯಾರೂ ಬಿತ್ತದ ಇನ್ನೊಂದು ಬೆಳೆ. ನನ್ನ ಕಣ್ಣಿಗೆ ಅದು ಬರೀ ಹಸಿರು.

ದೊಡ್ಡವ್ವ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿ ಮಡಿಲು ಕಟ್ಟಿಕೊಂಡಳು. ನಾನು ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದೆ. ಮೊದಲನೆಯ ಹೆಸರಿನ ಒತ್ತಕ್ಷರ ಸರಿಮಾಡಿಕೊಳ್ಳುವಷ್ಟರಲ್ಲಿ ಅವಳ ಮಡಿಲಿಗೆ ಐದಾರು ಬಗೆ ಬಿದ್ದಾಗಿತ್ತು.

"ಇದೇನ್ ದೊಡ್ಡವ್ವ?"

"ಅಣ್ಣೆ."

"ಇದು?"

"ಅದೂ ಅಣ್ಣೆನೇ ಕಣವ್ವ, ಬಲ್ತಿರೋದು. ಅದುನ್ನ ಬುಡು, ದನೀಗಾಯ್ತದೆ."

ಒಂದೇ ಗಿಡ. ಹದಿನೈದು ದಿನದ ಅಂತರದಲ್ಲಿ ಮನುಷ್ಯರ ಊಟದಿಂದ ದನದ ಮೇವಿಗೆ ಇಳಿದಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಒಂದೇ ಸಾಲು ಗೆರೆ ಹಾಕಿಟ್ಟಿದ್ದೆ.

ಈ ಪಟ್ಟಿಯ ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ. ಗಾಂಧಿ ಬಜಾರಿನಲ್ಲಿ ಗೋಣಿತಾಟು ಹಾಸಿಕೊಂಡು ಕೂತಿದ್ದ ಹೆಂಗಸಿನ ಹತ್ತಿರ ಒಂದು ಕಂತೆ ಬೆರಕೆ ಸೊಪ್ಪು ಕೊಂಡು ತಂದಿದ್ದೆ. ಅಡುಗೆಮನೆಯ ನೆಲಕ್ಕೆ ಪೇಪರು ಹರಡಿ ಬಿಡಿಸಿದರೆ ಹನ್ನೊಂದು ಬಗೆ. ನನಗೆ ಗುರುತು ಹತ್ತಿದ್ದು ನಾಲ್ಕು. ಅಮ್ಮ ಇದ್ದಿದ್ದರೆ ಫೋನಿನಲ್ಲೇ "ಎಲೆ ಹೆಂಗೈತೆ ಹೇಳು, ಕಾಂಡ ಯಾವ ಬಣ್ಣ ಹೇಳು" ಎಂದು ಕೇಳಿ ಮಿಕ್ಕ ಏಳನ್ನೂ ಬಿಡಿಸಿಕೊಡುತ್ತಿದ್ದಳು. ಈಗ ಅಮ್ಮ ಇಲ್ಲ, ಅಮ್ಮನ ಅಕ್ಕ ಇದ್ದಾಳೆ. ಎಪ್ಪತ್ತೈದು ದಾಟಿದ ಮೇಲೆ ವಯಸ್ಸು ಎಣಿಸುವುದನ್ನು ಬಿಟ್ಟಿರುವ ಹೆಂಗಸು. ಅವಳು ಇರುವಾಗಲೇ ಬರೆದಿಟ್ಟುಕೊಳ್ಳೋಣ ಎಂದು ಹೊರಟೆ. ಹೀಗೆ ಬಾಯಿಬಿಟ್ಟು ಹೇಳಲಾಗದ ಕಾರಣಕ್ಕೆ "ಸುಮ್ನೆ ನೋಡ್ಕಂಡ್ ಹೋಗಾನ ಅಂತ ಬಂದೆ" ಎಂದೆ. ಅವಳೇನು ದಡ್ಡಿಯಲ್ಲ.

ಹೊಲಕ್ಕಿಳಿದು ಅರ್ಧ ಗಂಟೆಯಾಗುವುದರೊಳಗೆ ನನ್ನ ತಲೆಬರಹವೇ ತಪ್ಪೆಂದು ಗೊತ್ತಾಯಿತು. 'ಸೊಪ್ಪು ಕೀಳುವ ಕಾಲ' ಎಂದು ಬರೆದಿದ್ದೆ. ದೊಡ್ಡವ್ವ ಒಂದು ಗಿಡವನ್ನೂ ಕೀಳುತ್ತಿರಲಿಲ್ಲ. ಹೆಬ್ಬೆರಳಿನ ಉಗುರಿಗೂ ತೋರುಬೆರಳಿನ ಮಗ್ಗುಲಿಗೂ ನಡುವೆ ಕುಡಿ ಸಿಕ್ಕಿಸಿ ಚೂಟುತ್ತಿದ್ದಳು. ಟಿಕ್ ಎಂದು ಸಣ್ಣ ಸದ್ದಾದರೆ ಎಳೆಯದು. ಸದ್ದಿಲ್ಲದೆ ನಾರು ಎಳೆದುಕೊಂಡು ಬಂದರೆ ಬಲಿತಿದೆ ಎಂದು, ಇನ್ನೆರಡು ಎಲೆ ಮೇಲಕ್ಕೆ ಹೋಗಿ ಚೂಟಬೇಕು. ಕುಡಿ ಕಳೆದುಕೊಂಡ ಗಿಡ ಪಕ್ಕದಲ್ಲಿ ಕವಲೊಡೆಯುತ್ತದೆ. ಮತ್ತೊಂದು ಮಳೆ ಬಿದ್ದರೆ ಅದೇ ಗಿಡದಲ್ಲಿ ಇನ್ನೊಂದು ಮಡಿಲು ಸೊಪ್ಪು. ಇದೆಲ್ಲ ಅವಳು ಹೇಳಿದ್ದಲ್ಲ, ಕೈ ನೋಡಿ ನಾನು ತಿಳಿದುಕೊಂಡಿದ್ದು. ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಬೇರು ಸಮೇತ ಕಿತ್ರೆ ನಾಳೀಕೇನ್ ತಿಂತೀಯ?"

ಅಣ್ಣೆ ಸೊಪ್ಪು ಈ ಹೊಲದ ದೊಡ್ಡ ಕುಳ. ಕೋಳಿಜುಟ್ಟಿನ ಹೂವಿನ ನಂಟ. ಹೂಬಿಟ್ಟರೆ ಬೆಳ್ಳಗೆ, ತುದಿಗೆ ನಸುಗೆಂಪು ಬಳಿದುಕೊಂಡ ಸಣ್ಣ ದೀಪದ ಹಾಗೆ ನಿಲ್ಲುತ್ತದೆ. ಆ ಚೆಂದ ಕಣ್ಣಿಗೆ ಬೀಳುವ ಹೊತ್ತಿಗೆ ಸಾರಿನ ಕಾಲ ಮುಗಿದಿರುತ್ತದೆ. ರುಚಿಯಲ್ಲಿ ಸಪ್ಪೆ, ಸಾಧು. ಅದರ ಪಕ್ಕದಲ್ಲೇ ಕನ್ನೆ ಸೊಪ್ಪು, ನೀರು ತುಂಬಿದ ಕಾಂಡ, ಗೆಣ್ಣುಗೆಣ್ಣಿಗೂ ಬೇರು. ಬೆಳಿಗ್ಗೆ ಬಿಟ್ಟ ನೀಲಿ ಹೂ ಮಧ್ಯಾಹ್ನದ ಬುತ್ತಿ ಬಿಚ್ಚುವಷ್ಟರಲ್ಲಿ ಕರಗಿ ನೀರಾಗಿರುತ್ತದೆ. ಈ ಕನ್ನೆಗೆ ಇನ್ನೊಂದು ಗುಟ್ಟಿದೆ. ಮೇಲಿನ ನೀಲಿ ಹೂವಲ್ಲದೆ ಮಣ್ಣಿನೊಳಗೂ ಬಣ್ಣವಿಲ್ಲದ, ಎಂದೂ ಅರಳದ ಹೂ ಬಿಟ್ಟು ಅಲ್ಲೇ ಬೀಜ ಕಟ್ಟಿಕೊಳ್ಳುತ್ತದೆ. ಮೇಲೆ ಎಷ್ಟು ಕುಂಟೆ ಹೊಡೆದರೂ ಕನ್ನೆ ಮರುವರ್ಷ ಹಾಜರಾಗುವುದು ಹೀಗೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಜಂಬದಿಂದ ಹೇಳಿದೆ. ದೊಡ್ಡವ್ವ ಒಂದು ಗಿಡ ಕಿತ್ತು ಬುಡದ ಮಣ್ಣು ಒರೆಸಿ, ಸೂಜಿಮೊನೆಯಂಥ ಬಿಳಿಮೊಗ್ಗು ತೋರಿಸಿದಳು. "ಇದಾ?" ಆ ಬೆಳಿಗ್ಗೆ ಅವಳು ಬೇರುಸಮೇತ ಕಿತ್ತ ಗಿಡ ಅದೊಂದೇ.

ಬದುವಿನ ತೇವದಲ್ಲಿ ಪುಲ್ಲಂಪುರಚಿ, ಮೂರು ಹೃದಯ ಜೋಡಿಸಿಟ್ಟಂಥ ಎಲೆ, ಬಾಯಿಗೆ ಹಾಕಿದರೆ ಜುಮ್ಮೆನ್ನುವ ಹುಳಿ. ಬದುವಿನ ಆಚೆ ಬಿಸಿಲು ಬಡಿಯುವ ಕಡೆ ಗೋಣಿ ಸೊಪ್ಪು, ನೆಲಕ್ಕೆ ಅಂಗಾತ ಬಿದ್ದ ಕೆಂಪುಕಾಂಡ, ದಪ್ಪ ಪುಟ್ಟ ಎಲೆ. ಗೋಣಿಯೂ ಹುಳಿಯೇ. ನೀರು ಕಡಿಮೆಯಾದ ಕಾಲದಲ್ಲಿ ಈ ಗಿಡ ರಾತ್ರಿಹೊತ್ತು ಗಾಳಿಯನ್ನು ಒಳಗೆಳೆದುಕೊಂಡು ಆಮ್ಲ ಮಾಡಿ ಕೂಡಿಡುತ್ತದಂತೆ, ಹಗಲು ಅದನ್ನು ಖರ್ಚು ಮಾಡುತ್ತದಂತೆ. ಹಾಗಾಗಿ ಬೇಸಗೆಯಲ್ಲಿ ಬೆಳಗಿನ ಗೋಣಿ ಸಂಜೆಯ ಗೋಣಿಗಿಂತ ಹುಳಿ. ಗೋಣಿಯನ್ನು ಚೂಟುವಾಗ ಮಾತ್ರ ದೊಡ್ಡವ್ವ ಒಂದು ಗಳಿಗೆ ತಡೆದು, ಮುರಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯುತ್ತಿದ್ದಳು. "ಇದರಂಗೇ ನೆಲಕ್ಕ್ ಹಬ್ಬಿರೋದು ಇನ್ನೊಂದ್ ಐತೆ. ಮುರುದ್ರೆ ಹಾಲ್ ಬತ್ತದೆ. ಹಾಲ್ ಬಂದ್ರೆ ಬ್ಯಾಡ." ಇದನ್ನು ನಾನು ಎರಡು ಗೆರೆ ಎಳೆದು ಬರೆದುಕೊಂಡೆ.

ಗಣಿಕೆ ಸೊಪ್ಪಿನ ಹತ್ತಿರ ಇನ್ನೂ ಹೆಚ್ಚು ಹೊತ್ತು ನಿಂತೆವು. ಕಹಿ ಸೊಪ್ಪು. ಕರ್ರಗೆ ಮಿಂಚುವ ಹಣ್ಣು ಮಕ್ಕಳ ಪಾಲಿಗೆ ಸಿಹಿ. ಅದೇ ಕಾಯಿ ಹಸಿರಿದ್ದಾಗ ವಿಷ, ಮುಟ್ಟಬಾರದು. ಇದರ ಹೆಸರಿನ ಹಿಂದೆ ಒಂದು 'ಮದ' ಸೇರಿಸಿ, ಉಚ್ಚಾರ ಒಂದಿಷ್ಟು ಬಾಗಿಸಿದರೆ ಮದಗುಣಿಕೆ, ಅಂದರೆ ದತ್ತೂರಿ. ಎರಡೂ ಒಂದೇ ಕುಲದ ಗಿಡಗಳು, ಮೊಳಕೆಯಲ್ಲಿ ಎಲೆಗಳೂ ದಾಯಾದಿಗಳ ಹಾಗೆ. ಸಸ್ಯಶಾಸ್ತ್ರದವರು ಹೂವಿನ ಎಸಳು, ಕಾಯಿಯ ಕೋಶ ಎಣಿಸಿ ಕುಲ ಕಂಡುಹಿಡಿದರು. ನಮ್ಮ ಹಳಬರು ಎರಡಕ್ಕೂ ಒಂದೇ ಬೇರಿನ ಹೆಸರಿಟ್ಟು ಒಂದಕ್ಕೆ 'ಮದ'ದ ಗಂಟೆ ಕಟ್ಟಿಬಿಟ್ಟರು, ತಿನ್ನುವ ಮೊದಲು ಕಿವಿಗೆ ಬೀಳಲಿ ಎಂದೇ ಇರಬೇಕು. ಇದು ನನ್ನ ಊಹೆ. ದೊಡ್ಡವ್ವನ ಗುರುತು ಬೇರೆ. ಎಲೆ ಉಜ್ಜಿ ನನ್ನ ಮೂಗಿನ ಹತ್ತಿರ ಹಿಡಿದಳು. "ಇದು ಗಣಿಕೆ. ಅದು ನಾತ." ನಾತವನ್ನು ನೋಟ್‌ಬುಕ್ಕಿಗೆ ಹೇಗೆ ಬರೆಯುವುದು? 'ಹಸಿ, ಕಹಿ, ಸ್ವಲ್ಪ ಟೊಮೆಟೊ ಗಿಡದಂತೆ' ಎಂದು ಬರೆದೆ. ಓದಿದರೆ ನನಗೇ ನಂಬಿಕೆ ಬರಲಿಲ್ಲ.

ಹೊಲ ಮುಗಿದ ಮೇಲೆ ಕೆರೆಯ ತೂಬಿನ ಕಡೆಗೆ ಹೋದೆವು. ಅಲ್ಲಿ ಹೊನಗೊನ್ನೆ, ಗೆಣ್ಣಿಗಂಟಿದ ಪುಟ್ಟ ಬಿಳಿಹೂ. ಕಣ್ಣಿಗೆ ಒಳ್ಳೆಯದು ಎಂದು ಬಯಲುಸೀಮೆಯ ಯಾವ ಅಜ್ಜಿಯೂ ಹೇಳದೆ ಬಿಡುವುದಿಲ್ಲ. ಅಲ್ಲೇ ತೇವದಲ್ಲಿ ಒಂದೆಲಗ ಹಬ್ಬಿತ್ತು. ದೊಡ್ಡವ್ವ ಅದನ್ನು ಮುಟ್ಟಲಿಲ್ಲ. "ಅದು ಬೆರಕೆಗಲ್ಲ." ಮಲೆನಾಡಿನವರಾಗಿದ್ದರೆ ಒಂದೆಲಗ ಬಿಟ್ಟು ಬರುತ್ತಿರಲಿಲ್ಲ, ತಂಬುಳಿ ಮಾಡುತ್ತಿದ್ದರು. ಇವಳಿಗೆ ತಂಬುಳಿಯ ಹೆಸರೇ ಹೊಸದು.

ಬೇಲಿಯ ಮೇಲೆ ದಾಗಡಿ ಬಳ್ಳಿ ಕಂಡಾಗ ನನಗೊಂದು ಹಳೆಯ ಆಟ ನೆನಪಾಯಿತು. ಎಲೆಯನ್ನು ನೀರಿನಲ್ಲಿ ಕಿವುಚಿ ಚಿಪ್ಪಿಗೆ ಬಸಿದಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಹಸಿರು ಹಲ್ವದ ಹಾಗೆ ಗಟ್ಟಿಯಾಗುತ್ತದೆ. ಬೇಸಗೆ ರಜದಲ್ಲಿ ನಾವು ಮಕ್ಕಳು ಅದನ್ನು ಕೊಯ್ದು ಹಂಚಿ 'ಮಿಠಾಯಿ ಅಂಗಡಿ' ನಡೆಸುತ್ತಿದ್ದೆವು. ದೇಹಕ್ಕೆ ತಂಪು ಎಂದು ದೊಡ್ಡವರು ಸುಮ್ಮನಿರುತ್ತಿದ್ದರು. ಬರೆದುಕೊಳ್ಳಲೆಂದು ಬಂದವಳಿಗೆ ಈ ಒಂದು ಗಿಡ ಕೇಳದೆಯೇ ಗೊತ್ತಿತ್ತು. ಅದು ಕೈಗೆ ಅಂಟಿದ್ದು ಆಟದಿಂದ.

ಮನೆಗೆ ಬಂದ ಮೇಲೆ ದೊಡ್ಡವ್ವ ಮಡಿಲನ್ನು ಮೊರಕ್ಕೆ ಸುರಿದಳು. ನಾನು ಎಣಿಸಿದೆ: ಹದಿನಾಲ್ಕು ಬಗೆ. ಎಣಿಕೆ ಮುಗಿಸಿ, ಯಾವುದು ಎಷ್ಟು ಎಂದು ತೂಗಿ ಬರೆಯುವ ಹುಮ್ಮಸ್ಸಿನಲ್ಲಿದ್ದೆ. ಅವಳಿಗೆ ಲೆಕ್ಕ ಆಗಲೇ ಆಗಿಹೋಗಿತ್ತು, ಹೊಲದಲ್ಲೇ, ಚೂಟುವಾಗಲೇ. ಅಣ್ಣೆ, ಕೀರೆ, ಚಕ್ಕೋತ ಇಂಥ ಸಾಧು ಸೊಪ್ಪು ಮುಕ್ಕಾಲು ಪಾಲು. ಹುಳಿಗೆ ಗೋಣಿ, ಪುಲ್ಲಂಪುರಚಿ ಒಂದೊಂದು ಚಿಟಿಕೆ. ಸಾರಿಗೆ ಮಂದ ಕೊಡಲು ಕನ್ನೆ ನಾಲ್ಕು ಕುಡಿ, ಜಾಸ್ತಿಯಾದರೆ ಲೋಳೆ. ಗಣಿಕೆ ಕಹಿಯ ನೆಪಕ್ಕೆ ಮಾತ್ರ. ತಗಚೆಗೆ ಒಂದು ಒರಟು ವಾಸನೆ, ಮೊದಲ ಮಳೆಯ ಎಳೆಗುಡಿಯಾದರೆ ಒಂದು ಹಿಡಿ, ಇಲ್ಲವಾದರೆ ಅದೂ ಬೇಡ. "ಯಾವ್ದೂ ಮುಂದಕ್ ಬರ್ಬಾರ್ದು. ಒಂದ್ ಜಾಸ್ತಿ ಆದ್ರೂ ಸಾರೆಲ್ಲ ಅದರದ್ದೇ ಆಗೋಯ್ತದೆ."

'ಬೆರಕೆ' ಎಂಬ ಮಾತನ್ನು ನಾವು ಪೇಟೆಯಲ್ಲಿ ಹಾಲಿಗೆ ನೀರು ಬೆರೆಸಿದಾಗ, ತುಪ್ಪಕ್ಕೆ ಡಾಲ್ಡಾ ಬೆರೆಸಿದಾಗ ಬಳಸುತ್ತೇವೆ. ಜಾತಿ ಮಾತಾಡುವವರ ಬಾಯಲ್ಲಂತೂ ಅದು ಬೈಗುಳ. ಬಯಲುಸೀಮೆಯ ಹೆಂಗಸರು ಆ ಮಾತಿಗೆ ಒಂದು ಮರ್ಯಾದೆ ಉಳಿಸಿಕೊಟ್ಟಿದ್ದಾರೆ. ಆದರೆ ಆ ಬೆರಕೆಯ ಅಳತೆ ಎಲ್ಲಿದೆ ಎಂದು ಹುಡುಕಿದರೆ ಕಾಗದದಲ್ಲಿ ಎಲ್ಲೂ ಸಿಗುವುದಿಲ್ಲ.

ಕಾಗದಕ್ಕೇನೂ ಕೊರತೆಯಿಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯ ಮೇರೆಗೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. ಗುಬ್ಬಿಯ ಕಡೆಗೂ ಬಂದಿದ್ದ. ರಾಗಿ ಯಾವಾಗ ಬಿತ್ತುತ್ತಾರೆ, ಎಷ್ಟು ಸಲ ಉಳುತ್ತಾರೆ, ಜೊತೆಗೆ ಏನು ಹಾಕುತ್ತಾರೆ ಎಂದೆಲ್ಲ ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಕಂದಾಯ ಕಟ್ಟುವ ಬೆಳೆಯ ಮೇಲೆ ಅವನಿಗಿದ್ದಷ್ಟು ಕಣ್ಣು, ಕಂದಾಯವಿಲ್ಲದ ಸೊಪ್ಪಿನ ಮೇಲೆ ಇರಲು ಕಾರಣವಿರಲಿಲ್ಲ. ಅಲ್ಲಿಂದ ಮುಂದೆ ಸಸ್ಯಗಳನ್ನು ಸಸ್ಯಗಳಾಗಿಯೇ ನೋಡಿದ ದೊಡ್ಡ ಕೆಲಸಗಳೂ ನಡೆದವು. ಸಲ್ಡಾನ್ಹಾ ಮತ್ತು ನಿಕೋಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಪುಸ್ತಕ 1976ರಲ್ಲಿ ಬಂತು. ಅದೇ ಕಾಲದಲ್ಲಿ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದನ್ನು 'ಹಸುರು ಹೊನ್ನು' ಮಾಡಿ, ಗಿಡದ ಹೆಸರು ಕೇಳಿದರೆ ಓಡಿಹೋಗುತ್ತಿದ್ದ ಕನ್ನಡ ಓದುಗರನ್ನು ಕೂರಿಸಿ ನಗಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಎಲ್ಲವನ್ನೂ ಓದಿದರೆ ಗಿಡ ಗೊತ್ತಾಗುತ್ತದೆ. ಚೂಟುವ ಜಾಗ ಗೊತ್ತಾಗುವುದಿಲ್ಲ.

ಜನರ ಅರಿವನ್ನೂ ಬರೆದಿಡಬೇಕು ಎಂಬುದು ಕಾನೂನೇ ಆದದ್ದು 2002ರ ಜೀವವೈವಿಧ್ಯ ಕಾಯ್ದೆಯಿಂದ. ಅದರ ಹಿಂದೆ ಒಂದು ಗಾಬರಿಯಿತ್ತು. 1995ರಲ್ಲಿ ಅಮೆರಿಕದಲ್ಲಿ ಅರಿಶಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ ಪೇಟೆಂಟ್ ಕೊಟ್ಟುಬಿಟ್ಟರು. ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದುಮಾಡಿಸಿತು. ಅರಿಶಿನಕ್ಕೆ ಗ್ರಂಥವಿತ್ತು, ಗೆದ್ದಿತು. ಅಣ್ಣೆ ಸೊಪ್ಪಿಗೆ, ದಾಗಡಿ ಬಳ್ಳಿಗೆ ಯಾವ ಗ್ರಂಥ ತೋರಿಸುವುದು? ಹಾಗಾಗಿ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಸಮಿತಿ, ಆ ಸಮಿತಿಯಿಂದ ಜನತಾ ಜೀವವೈವಿಧ್ಯ ದಾಖಲಾತಿ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಂಥವರು ಇದನ್ನು ಕಾನೂನಿಗೂ ಮೊದಲೇ ಹಳ್ಳಿಗಳಲ್ಲಿ ಜನರ ಜೊತೆ ಕೂತು ಮಾಡಿ ತೋರಿಸಿದ್ದರು. ಆದರೆ ಕಾನೂನಾದ ಮೇಲೆ ಅದು ಬಹಳ ಕಾಲ ಮಲಗಿತು. ಕೊನೆಗೆ ಹಸಿರು ನ್ಯಾಯಮಂಡಳಿ 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದಾಗ ದೇಶಾದ್ಯಂತ ದಡಬಡ ಎದ್ದು ಕೂತಿತು. ಅವಸರದಲ್ಲಿ ಎದ್ದವರು ಪಂಚೆ ಉಟ್ಟುಕೊಳ್ಳುವ ಹಾಗೆಯೇ ಎಷ್ಟೋ ಕಡೆ ದಾಖಲಾತಿಯೂ ಆಯಿತು.

ಅಂಥದೊಂದು ದಾಖಲೆ ನನಗೆ ನೋಡಲು ಸಿಕ್ಕಿತು. ಯಾವ ಊರಿನದೆಂಬುದು ಬೇಡ. ಸ್ಥಳೀಯ ಹೆಸರು, ವೈಜ್ಞಾನಿಕ ಹೆಸರು, ಬೆಳೆಯುವ ಜಾಗ, ಮೊದಲು ಎಷ್ಟಿತ್ತು, ಈಗೆಷ್ಟಿದೆ, ಯಾವ ಭಾಗದ ಬಳಕೆ, ಅರಿವು ಉಳ್ಳವರು ಯಾರು: ಕಾಲಂಗಳು ಚೆನ್ನಾಗಿಯೇ ಇವೆ, ಯೋಚಿಸಿ ಮಾಡಿದವರೇ ಮಾಡಿದ್ದಾರೆ. ತುಂಬಿದ ರೀತಿ ನೋಡಿ. ಬಳಕೆ: 'ಆಹಾರ'. ಭಾಗ: 'ಎಲೆ'. ಅರಿವು: 'ಸಾಂಪ್ರದಾಯಿಕ'. ಇಪ್ಪತ್ತು ಗಿಡಗಳಿಗೂ ಮೇಲಿಂದ ಕೆಳಕ್ಕೆ ಅದೇ ಮೂರು ಮಾತು. ಇನ್ನೂ ಸೊಗಸೆಂದರೆ ಈ ದಾಖಲಾತಿಯಲ್ಲಿ ಕಳೆಗಳಿಗೇ ಒಂದು ಪ್ರತ್ಯೇಕ ನಮೂನೆ ಇದೆ. ಅಲ್ಲೂ ಅಣ್ಣೆ ಇದ್ದಾಳೆ! ಬಾಧೆಗೊಳಗಾಗುವ ಬೆಳೆ: ರಾಗಿ. ನಿಯಂತ್ರಣ: ಕಳೆನಾಶಕ. ಒಂದೇ ರಿಜಿಸ್ಟರಿನ ಒಂದು ಹಾಳೆಯಲ್ಲಿ ಉಣ್ಣಬೇಕಾದ್ದು, ಇನ್ನೊಂದು ಹಾಳೆಯಲ್ಲಿ ಸುಡಬೇಕಾದ್ದು.

ಅವರನ್ನು ಆಡಿಕೊಂಡು ನಗುವಷ್ಟು ನನ್ನ ನೋಟ್‌ಬುಕ್ಕೇನೂ ಘನವಾಗಿರಲಿಲ್ಲ. ಹೆಸರುಗಳೇ ನನ್ನನ್ನು ಸುಸ್ತುಮಾಡಿದ್ದವು. ಇಲ್ಲಿ ತಗಚೆ ಎಂದದ್ದು ನಾಲ್ಕು ಊರು ದಾಟಿದರೆ ಚಗಚೆ, ಘಟ್ಟ ಇಳಿದರೆ ತುಳುವಿನಲ್ಲಿ ತಜಂಕ್. ಇಲ್ಲಿ ಒರಟು ವಾಸನೆಯೆಂದು ಒಂದು ಹಿಡಿಗೆ ನಿಲ್ಲಿಸಿದ ಸೊಪ್ಪಿಗೆ ಅಲ್ಲಿ ಆಟಿ ತಿಂಗಳಲ್ಲಿ ರಾಜಮರ್ಯಾದೆ. ಹಲಸಿನ ಬೀಜದ ಜೊತೆ ಪಲ್ಯ, ಅಕ್ಕಿಯ ಜೊತೆ ಅರೆದು ದೋಸೆ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟರಂದು ಮದ್ದ್ ಸೊಪ್ಪನ್ನು ಬೇಯಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಮಿಕ್ಕ ದಿನಗಳಲ್ಲಿ ಅದೇ ಗಿಡ ತೋಟದ ಅಂಚಿನಲ್ಲಿ ನಿಂತಿದ್ದರೂ ಅಷ್ಟಾಗಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅಲ್ಲಿ ಗಿಡಕ್ಕಿಂತ ತಿಥಿ ಮುಖ್ಯ. ಮಲೆನಾಡಿನವರು ಕಳಲೆಯನ್ನು ಹೆಚ್ಚಿ ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸದೆ ಒಲೆಗಿಡುವುದಿಲ್ಲ. ಎಳೆ ಬಿದಿರಿನಲ್ಲಿ ಸಯನೈಡು ಬಿಡುವ ಅಂಶವಿದೆ ಎಂದು ಪ್ರಯೋಗಾಲಯ ಹೇಳುವ ಎಷ್ಟೋ ಮೊದಲೇ ಆ ನೀರು ಚೆಲ್ಲಿಯಾಗಿತ್ತು. ಕೆಸುವಿನೆಲೆಗೆ ಹುಣಸೆಹುಳಿ ಬೀಳಲೇಬೇಕು, ಇಲ್ಲದಿದ್ದರೆ ಗಂಟಲು ಕೆರೆತ. ಹೀಗೆ ಒಂದೊಂದು ಸೀಮೆಗೂ ಗಿಡದ ಜೊತೆಗೆ ಒಂದು ಕಾಲ, ಒಂದು ಕೈಕೆಲಸ, ಒಂದು 'ಬೇಡ' ಅಂಟಿಕೊಂಡಿದೆ. ಗಿಡವನ್ನು ಮಾತ್ರ ಬಿಡಿಸಿ ಬರೆದರೆ ತಿನ್ನಲು ಹೊರಟವನಿಗೆ ಅಪಾಯವೇ ಹೆಚ್ಚು.

ಇನ್ನೊಂದು ಅಂಟು ಇದೆ, ಕಾಲಿಡುವ ಹಕ್ಕಿನದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸೊಪ್ಪು, ಗೆಡ್ಡೆ, ಜೇನುಗಳ ಲೆಕ್ಕ ಬಾಯಿಪಾಠ. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಆ ಪಾಠಕ್ಕೆ ಬೀಗ ಬೀಳುತ್ತ ಬಂತು. 2006ರ ಅರಣ್ಯ ಹಕ್ಕು ಕಾಯ್ದೆಯ ಬಲದಿಂದ 2011ರಲ್ಲಿ ಸಮುದಾಯದ ಹಕ್ಕುಪತ್ರ ಕೈಗೆ ಬಂತು. ಅದೇ ವರ್ಷ ಆ ಕಾಡು ಹುಲಿ ಮೀಸಲೂ ಆಗಿತ್ತು. ಹೋಗಲಾಗದ ಜಾಗದ ಗಿಡವನ್ನು ಮಕ್ಕಳಿಗೆ ತೋರಿಸುವುದು ಹೇಗೆ? ಹೊಲದ ಸೊಪ್ಪಿಗೂ ಇಂಥದೇ ಒಂದು ಬಾಯಿಮಾತಿನ ಹಕ್ಕಿತ್ತು. ಕಳೆ ತೆಗೆಯಲು ಬಂದ ಹೆಂಗಸರು ಯಾರ ಹೊಲವಾದರೂ ಸರಿ, ಸಂಜೆ ಮಡಿಲು ತುಂಬಿಕೊಂಡು ಹೋಗಬಹುದು. ಹೊಲದೊಡೆಯ ಕೇಳುವ ಹಾಗಿಲ್ಲ, ಕೇಳಿದರೆ ಅವನಿಗೇ ಅವಮಾನ. ಕೂಲಿಯ ಜೊತೆ ಸಾರು ಹೀಗೆ ಬರುತ್ತಿತ್ತು.

ಬರುತ್ತಿತ್ತು, ಮತ್ತು ಮುಚ್ಚಿಡಲಾಗುತ್ತಿತ್ತು. ಈ ಮಾತು ಬರೆಯದೆ ಹೋದರೆ ನನ್ನ ನುಡಿಚಿತ್ರ ಗಾಂಧಿ ಬಜಾರಿನ ಕಂತೆಯಷ್ಟೇ ಚೆಂದವಾಗಿ ಉಳಿಯುತ್ತದೆ. ದೊಡ್ಡವ್ವನ ಮದುವೆಯ ಹೊಸದರಲ್ಲಿ ತವರಿನಿಂದ ಅಣ್ಣಂದಿರು ಬಂದಿದ್ದರಂತೆ. ಒಲೆಯ ಮೇಲೆ ಬೆರಕೆ ಸೊಪ್ಪು ಕುದಿಯುತ್ತಿತ್ತು. ಅತ್ತೆ ಓಡಿಬಂದು ಮಡಕೆ ಇಳಿಸಿ ಹಿತ್ತಲಿಗೆ ಸಾಗಿಸಿ, ನೆರೆಮನೆಯಿಂದ ಬೇಳೆ ಸಾಲ ತಂದು ಸಾರು ಕಾಯಿಸಿದಳು. ಸೊಪ್ಪು ತಿಂದು ಬದುಕುತ್ತಿದ್ದಾರೆ ಎಂದು ಬೀಗರಿಗೆ ಗೊತ್ತಾದರೆ ಮಾನ ಹೋದಂತೆ. "ಆ ಬ್ಯಾಳೆ ಸಾಲ ತೀರ್ಸಕ್ಕೆ ಒಂದ್ ತಿಂಗ್ಳಾಯ್ತು" ಎಂದು ದೊಡ್ಡವ್ವ ನಗುತ್ತಾಳೆ. ಸೊಪ್ಪಿನ ಅರಿವು ಹುಟ್ಟಿದ್ದು ಬರೀ ಕುತೂಹಲದಿಂದಲ್ಲ. 1876ರಿಂದ 78ರವರೆಗಿನ ಬರ, ಹಳಬರು ಧಾತು ಈಶ್ವರದ ಬರ ಎನ್ನುತ್ತಿದ್ದದ್ದು, ಮೈಸೂರು ಸಂಸ್ಥಾನದ ಐವತ್ತು ಲಕ್ಷದಲ್ಲಿ ಹತ್ತು ಲಕ್ಷದಷ್ಟು ಜನರನ್ನು ನುಂಗಿತು. ಆಗ ಯಾವ ಎಲೆ ತಿಂದು ಯಾರು ಉಳಿದರು, ಯಾವುದು ತಿಂದು ಯಾರು ಉಳಿಯಲಿಲ್ಲ ಎಂಬುದು ಸಹ ಈ 'ಬ್ಯಾಡ'ಗಳಲ್ಲಿ ಸೇರಿಹೋಗಿರಬೇಕು.

ಹಾಗಾಗಿ ದೊಡ್ಡವ್ವನ ಸೊಸೆ ಪಾಲಕ್ ಕೊಳ್ಳುತ್ತಾಳೆಂದು ಬೈಯಲು ನನಗೆ ಮನಸ್ಸಾಗದು. ಪಾಲಕ್ಕಿಗೆ ಬಡತನದ ವಾಸನೆಯಿಲ್ಲ, ಮುಳ್ಳಿಲ್ಲ, ಹಾಲು ಬಂತೇ ಎಂದು ಪರೀಕ್ಷಿಸಬೇಕಿಲ್ಲ. ಅದೂ ಅಲ್ಲದೆ ಹೊಲದಲ್ಲಿ ಸೊಪ್ಪೇ ಸಿಗುತ್ತಿಲ್ಲ. ಪಕ್ಕದ ಹೊಲ ತೋರಿಸಿದಳು ದೊಡ್ಡವ್ವ. ಸಾಲು ಸಾಲು ರಾಗಿ, ನಡುವೆ ಬೋಳು ಕೆಂಪು ನೆಲ, ಅಲ್ಲಲ್ಲಿ ಸುಟ್ಟ ಹಾಗೆ ಕಂದಾದ ಕಡ್ಡಿ. "ಔಸ್ದಿ ಹೊಡ್ದವ್ರೆ." ಕಳೆಯೆಂದರೆ ನಾಲ್ಕು ಹೆಂಗಸರ ಎರಡು ದಿನದ ಕೂಲಿ, ಔಷಧಿಯೆಂದರೆ ಒಬ್ಬನ ಅರ್ಧ ದಿನದ ಪಂಪು. ಲೆಕ್ಕ ಹಾಕುವವನ ತಪ್ಪಲ್ಲ. ಆದರೂ ಭಾಷೆಯ ಈ ಆಟ ನೋಡಿ: ಉಣ್ಣುವುದಕ್ಕೆ ಕಳೆ ಎಂದು ಹೆಸರು, ವಿಷಕ್ಕೆ ಔಷಧಿ ಎಂದು. ಅದರಾಚೆಯ ಹೊಲದಲ್ಲಿ ನೀಲಗಿರಿ. ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದೆ, ಹಳೆಯ ಬುಡಗಳು ಇನ್ನೂ ಚಿಗುರುತ್ತಲೇ ಇವೆ. ಅವುಗಳ ಕೆಳಗೆ ಒಣಗಿದ ತರಗು, ಒಂದು ಕನ್ನೆಯೂ ಇಲ್ಲ. 2023ನ್ನು ಜಗತ್ತೆಲ್ಲ ಸಿರಿಧಾನ್ಯ ವರ್ಷವೆಂದು ಆಚರಿಸಿ ರಾಗಿಗೆ ಹಾರ ಹಾಕಿತು. ಅದರ ಕಾಲಡಿ ಸಾವಿರ ವರ್ಷ ಜೊತೆಗಿದ್ದ ಸೊಪ್ಪನ್ನು ವೇದಿಕೆಗೆ ಕರೆದವರು ಯಾರೂ ಇದ್ದಂತಿಲ್ಲ.

ಒಲೆ ಹತ್ತಿಸುವ ಹೊತ್ತಾಯಿತು. ಸೋಸಿದ ಸೊಪ್ಪನ್ನು ದೊಡ್ಡವ್ವ ಮೂರು ನೀರಿನಲ್ಲಿ ಅಲುಬಿದಳು. ಮಳೆಗಾಲದ ಸೊಪ್ಪಿಗೆ ಎರಡು ನೀರು ಸಾಲದು, ಮರಳು ಹಲ್ಲಿಗೆ ಸಿಗುತ್ತದೆ. ಅಲಸಂದೆ ಕಾಳು ಅರೆಬೆಂದ ಮೇಲೆ ಸೊಪ್ಪು ಬಿತ್ತು. ಅಷ್ಟೆತ್ತರ ಇದ್ದದ್ದು ಎರಡು ಕುದಿಗೆ ತಳ ಸೇರಿತು. ಪಾತ್ರೆಯ ಬಾಯಿಗೆ ತಟ್ಟೆ ಅಡ್ಡ ಹಿಡಿದು ಕಟ್ಟು ಬಸಿದಳು, ಕಡುಹಸಿರು, ಹಬೆಯಲ್ಲೇ ಮಳೆಯ ಹೊಲದ ವಾಸನೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಯಿತುರಿ, ಹುಣಸೆ. ಇವುಗಳ ಜೊತೆ ಬೆಂದ ಸೊಪ್ಪು ಕಾಳು ಒಂದು ಹಿಡಿ ಸೇರಿಸಿ ಒರಳಲ್ಲಿ ರುಬ್ಬಿ ಕಟ್ಟಿಗೆ ಬೆರೆಸಿದರೆ ಬಸ್ಸಾರು. ಮಿಕ್ಕ ಸೊಪ್ಪು ಕಾಳು ಒಗ್ಗರಣೆ ಬಿದ್ದು ಪಲ್ಯ. ಬಸಿದ ನೀರು ಹೊರಗೆ ಹೋಗುವ ಮಾತೇ ಇಲ್ಲ. ಮಿಕ್ಸಿ ಇದೆ, ಸೊಸೆ ಅದರಲ್ಲೇ ಮಾಡುತ್ತಾಳೆ. ನಾನು ಬಂದಿದ್ದೇನೆಂದು ಒರಳು ತೊಳೆದದ್ದು. ಹಿಟ್ಟು ತಿರುವಿ ಮುದ್ದೆ ಕಟ್ಟಿ ಬಡಿಸಿ, ಎದುರಿಗೆ ಕೂತು ನೋಡಿದಳು.

ಮೊದಲ ತುತ್ತಿಗೆ ಹದಿನಾಲ್ಕರಲ್ಲಿ ಯಾವುದೂ ಬೇರೆಯಾಗಿ ಸಿಗಲಿಲ್ಲ. ಗಂಟಲಿಳಿದ ಮೇಲೆ ಒಂದು ಕಹಿಯ ಎಳೆ ನಾಲಿಗೆಯ ಹಿಂಬದಿಯಲ್ಲಿ ನಿಂತು ಹೋಯಿತು.

"ಗಣಿಕೆ" ಎಂದೆ.

"ಹೂಂ. ಗೊತ್ತಾಗೋಯ್ತಲ್ಲ, ಒಂದ್ ಕುಡಿ ಜಾಸ್ತಿ ಆಗೈತೆ."

ಊಟವಾದ ಮೇಲೆ ನೋಟ್‌ಬುಕ್ಕು ಬೇಕೆಂದು ಕೈಚಾಚಿದಳು. ಅವಳಿಗೆ ಓದು ಬಾರದು. ಹಾಳೆ ಹಾಳೆ ತಿರುವಿ, ನಾನು ಅಂಟಿಸಿದ್ದ ಎಲೆಗಳನ್ನು ಬೆರಳಿನಿಂದ ಸವರಿ, "ಮಾರ್ಕಂತೀಯ ಇದುನ್ನ?" ಎಂದಳು. ಇಲ್ಲ ಎಂದೆ. ನಾಟಿ ಮದ್ದು ಕೊಡುವವರು ಗಿಡದ ಹೆಸರು ಬಾಯಿಬಿಟ್ಟರೆ ಮದ್ದು ಹತ್ತುವುದಿಲ್ಲ ಎನ್ನುತ್ತಾರೆ. ಸೊಪ್ಪಿಗೆ ಆ ಭಯ ಇಲ್ಲವೇ ಎಂದು ಕೇಳಿದೆ. "ಉಣ್ಣೋದುನ್ನ ಯಾಕ್ ಮುಚ್ಚಿಡ್ಬೇಕು? ಹೇಳಿದ್ರೇನ್ ಕಮ್ಮಿ ಆಯ್ತದಾ? ಆದ್ರೆ ಬಂದ್ ಕೇಳೋರ್ಯಾರು?" ಎಂದು ನೋಟ್‌ಬುಕ್ಕು ಮಡಿಸಿ ಕೊಟ್ಟಳು. "ನಾಳೆ ನೀನೇ ಹೋಗ್ ಬಾ. ನಾನ್ ಬರಕಿಲ್ಲ, ಮಂಡಿ ನೋವು."

ಮಾರನೆಯ ಬೆಳಿಗ್ಗೆ ಒಬ್ಬಳೇ ಹೋದೆ. ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿ ಮಡಿಲು ಮಾಡಿಕೊಂಡೆ. ಒಂದು ಕೈಯಲ್ಲಿ ನೋಟ್‌ಬುಕ್ಕು ಹಿಡಿದರೆ ಚೂಟುವುದಕ್ಕೆ ಇನ್ನೊಂದೇ ಕೈ. ಹತ್ತು ಗಿಡಕ್ಕೆ ಸಾಕಾಗಿ ಅದನ್ನು ಬದುವಿನ ಮೇಲಿಟ್ಟೆ. ಎರಡು ಗಂಟೆ ಹೊತ್ತು ಬಗ್ಗಿ ಸೊಂಟ ಹಿಡಿದುಕೊಂಡಿತು, ಮಡಿಲು ಮಾತ್ರ ತುಂಬಿತು. ಹೆಮ್ಮೆಯಿಂದಲೇ ಬಂದು ಮೊರಕ್ಕೆ ಸುರಿದೆ.

ದೊಡ್ಡವ್ವ ಕಾಲು ಚಾಚಿ ಕೂತು ಸೋಸತೊಡಗಿದಳು. ಬಲಿತ ಅಣ್ಣೆ ಒಂದು ರಾಶಿ, ದನಕ್ಕೆ. ತಗಚೆ ಎಂದು ತಂದಿದ್ದು ತಗಚೆಯಲ್ಲ, ಆಚೆ ಹೋಯಿತು. ಎಲೆ ಸೊಗಸಾಗಿ ಕತ್ತರಿಸಿದಂತಿದ್ದ ಒಂದು ಎಳೆಗಿಡವನ್ನು ಎತ್ತಿಹಿಡಿದು ಸೊಸೆಯನ್ನು ಕೂಗಿದಳು, "ಬಾರೆ ಇಲ್ಲಿ, ಬೆಂಗ್ಳೂರವ್ರು ಕಾಂಗ್ರೆಸ್ ಗಿಡ ಸಾರ್ ಮಾಡ್ತಾರಂತೆ!" ಇಬ್ಬರೂ ನಕ್ಕು ಸುಸ್ತಾದರು. ಗೋಣಿಯ ಸರದಿ ಬಂತು. ಒಂದೊಂದನ್ನೂ ಮುರಿದು ಬೆಳಕಿಗೆ ಹಿಡಿದಳು. ಆರನೆಯದರ ತುದಿಯಲ್ಲಿ ಬೆಳ್ಳಗೆ ಒಂದು ತೊಟ್ಟು ಕೂತಿತು. ಅದನ್ನು ನನ್ನ ಮುಂದೆ ಹಿಡಿದಳು, ಏನೂ ಅನ್ನಲಿಲ್ಲ.

ಕೊನೆಗೆ ಮೊರದಲ್ಲಿ ಉಳಿದದ್ದು ಎರಡು ಹಿಡಿ. ಅದನ್ನು ಕೈಯಲ್ಲೆತ್ತಿ ತೂಗಿ ನೋಡಿ, ಒಳಗೆ ತಿರುಗಿ ಸೊಸೆಗೆ ಹೇಳಿದಳು:

"ಬ್ಯಾಳೆ ಒಂದ್ ಪಾವು ಜಾಸ್ತಿ ಇಕ್ಕು."